ಕಡ್ಡಿಗೆ ಬದಲಾಗಿ

ತಮ್ಮಾ ಮೈಲಾರಿ,

ಆಟ ಸಾಕು ಎಂದು ನಿನ್ನ ಕೈಯಿಂದ ಮೊಬೈಲ್ ಕಸಿದುಕೊಳ್ಳುತ್ತಿದ್ದ ನಾನೇ, ನೀನು ತೀರಿಕೊಂಡ ಮೇಲೆ ಅದೇ ಆಟವನ್ನು ಆಡುತ್ತಿದ್ದೇನೆ. ಆಟದೊಳಗಿನ ನಿನ್ನ ಪ್ರಾಣಿಗಳ ಸಂಗ್ರಹಕ್ಕೆ ಕಡಿಮೆಯಿದ್ದ ಒಂದೇ ಒಂದು ಪ್ರಾಣಿ ಇವತ್ತು ಆನ್‌ಲೈನಿನಲ್ಲಿ ಸಿಕ್ಕಿತು. ಕೊಡುವವನು ಬದಲಿಗೆ, ನಮ್ಮಿಬ್ಬರ ಅಡ್ಡಹೆಸರಿಟ್ಟು ನೀನು ಸಾಕಿದ್ದ ಎರಡು ಕೆಂಪು ಹಲ್ಲಿಗಳಲ್ಲಿ ಒಂದನ್ನು ಕೇಳಿದ. ನನ್ನ ಹೆಸರಿನ ದಪ್ಪಗಿನ ಡಬ್ಬಿಯನ್ನು ತೋರಿಸಿದೆ. ಬೇಡ, ಸಣಕಲು ಕಡ್ಡಿಯೇ ಬೇಕು ಎಂದ. ಕೊಟ್ಟುಬಿಟ್ಟೆ. ಪಟ್ಟಿ ತುಂಬಿತು.

ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅವ್ವ, "ಮುಗೀತೇನ? ಹಂಗಾರ ಇನ್ನ ಅದನ್ನ ಎತ್ತಿಡವಾ," ಎಂದಳು.

ಅಷ್ಟರಲ್ಲಿ ಅವನ ಸಂದೇಶ ಬಂತು: ಇದರ ಹೆಸರು ಕಡ್ಡಿ ಅಂತಿದೆ, ಹಾಗೆಂದರೇನು?

ಬ್ಯಾಡಗಿ ಕಡೆ ದಪ್ಪ ಮೆಣಸಿನಕಾಯಿಗೆ ಡಬ್ಬಿ, ತೆಳ್ಳಗಿನದಕ್ಕೆ ಕಡ್ಡಿ ಅನ್ನುತ್ತಾರೆ ಎಂದಷ್ಟೇ ಬರೆದೆ. ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ಹೋದ. ಕಡ್ಡಿಯನ್ನು ವಾಪಸ್ ಕೇಳೋಣವೆಂದು ಅವನನ್ನು ಮತ್ತೆ ಹುಡುಕಿದೆ, ಸಿಗಲಿಲ್ಲ.

ನಿನ್ನ ಡಬ್ಬಿ ಅಕ್ಕ