ಹತ್ತು ದಿನದ ಪುರುಡು

ಆದವಾನಿ, ಗುರುವಾರ

ಪೂಜ್ಯ ಮಾವನವರಿಗೆ ಸುಷಮಾಳ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂಸನ್ನು ದತ್ತು ತಂದು ವಾರವಾಯಿತು. ಮಂತ್ರಾಲಯದಿಂದ ನೀವು ನೋಡಲು ಬರಲಿಲ್ಲ. ನಿಮಗೆ ಮನಸ್ಸಿಲ್ಲವೆಂದೇ ತಿಳಿದಿದ್ದೆವು. ನಿನ್ನೆ ನಿಮ್ಮ ಪಕ್ಕದ ಮನೆಯ ಸಕ್ಕೂಬಾಯಿ ಫೋನ್ ಮಾಡಿ, "ಮೊಮ್ಮಗಳು ಹುಟ್ಟ್ಯಾಳ, ಪುರುಡು ಅಂತ ನಿಮ್ಮ ಮಾವನವರು ಹತ್ತು ದಿನ ಗುಡಿ ಪೂಜಾಕ್ಕ ಹೋಗಂಗಿಲ್ಲಂತ. ಬಸುರಿದ್ದದ್ದು ನಮಗ ಹೇಳಲೇ ಇಲ್ಲಲ್ಲ ತಂಗಿ!" ಎಂದರು. ನಾನು ಏನೋ ಹೇಳಿ ಫೋನ್ ಇಟ್ಟೆ.

ನಾಮಕರಣದ ದಿನ ಎಲ್ಲರಿಗೂ ದತ್ತಿನ ವಿಷಯ ಹೇಳಬೇಕೆಂದು ನಿಮ್ಮ ಮಗ, ನಾನು ನಿಶ್ಚಯಿಸಿದ್ದೆವು. ಈಗ ಹೇಳಿದರೆ ನೀವು ಸುಳ್ಳು ಹೇಳಿದಂತಾಗುತ್ತದೆ. ಹೇಳದಿದ್ದರೆ, ನಾಲ್ಕು ತಿಂಗಳ ಕೂಸನ್ನು ಹನ್ನೊಂದು ದಿನದ್ದೆಂದು ಹೇಗೆ ತೋರಿಸಲಿ? ಆಗಲೇ ಬೋರಲು ಬೀಳುತ್ತಾಳೆ. ಇವರಿಗಂತೂ ಊಟ ಸೇರುತ್ತಿಲ್ಲ.

ಒಂದೇ ಒಂದು ಮಾತು ತಿಳಿಸಿ. ನೀವು ಪುರುಡು ಆಚರಿಸುತ್ತಿರುವುದು ಜನರ ಬಾಯಿ ಮುಚ್ಚಿಸಲಿಕ್ಕೋ, ಇಲ್ಲಾ ನಿಮಗೆ ನಿಜವಾಗಿಯೂ ಮೊಮ್ಮಗಳು ಹುಟ್ಟಿದಳೆಂದೋ? ನಿಮ್ಮ ಉತ್ತರ ಬರುವವರೆಗೆ ಸಕ್ಕೂಬಾಯಿಯ ಫೋನನ್ನು ನಾನೂ ಎತ್ತುವುದಿಲ್ಲ.

ಎರಡನೆಯದಾದರೆ, ಪುರುಡು ಕಳೆದ ದಿನ ಬಂದು ಅವಳ ಕಿವಿಯಲ್ಲಿ ಹೆಸರು ನೀವೇ ಹೇಳಿ. ಜನರಿಗೆ ನಿಜ ನಾನು ಹೇಳುತ್ತೇನೆ.

ನಿಮ್ಮ ಸೊಸೆ,
ಸುಷಮಾ