ಕಿಟಕಿ ಪಕ್ಕದ ಮಂಚದ ಓಬಳೇಶನ ವಿಷಯ

೨೩೧೯ನೇ ಇಸವಿ, ಹದಿಮೂರನೇ ತಿಂಗಳ ಎರಡನೇ ಹುಣ್ಣಿಮೆ

ಮೂಳೆ ವಾರ್ಡಿನ ಮಾನ್ಯ ಸಿಬ್ಬಂದಿಗೆ,

ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ‘ಮಾನ್ಯ’ ಎಂದದ್ದು ಬರೀ ರೂಢಿಗೆ. ನಾನು ನಡುಕಪಾಲಕಿ. ಕುಡಿತ ನಿಂತು ನಡುಗುವ ರೋಗಿಗಳ ಪಕ್ಕ ಕೂತು ಮದ್ದು ಕೊಡುವುದು ನನ್ನ ಕೆಲಸ. ನಮ್ಮ ಕಾಲದಲ್ಲಿ ನನ್ನಂಥ ಪಾಲಕಿಯರಿಲ್ಲದ ವಾರ್ಡೇ ಇಲ್ಲ. ನಿಮ್ಮ ವಾರ್ಡಿನ ಒಂದು ಗೋಡೆ ಇನ್ನೂ ನಿಂತಿದೆ. ಹಳೆಯ ಗಾರೆಯೊಳಗೆ ಉಳಿದ ಮಾತನ್ನು ಕೇಳಿಸುವ ಯಂತ್ರಕ್ಕೆ ನಾವು ಗೋಡೆಗಿವಿ ಎನ್ನುತ್ತೇವೆ. ಅದರಲ್ಲಿ ನಿಮ್ಮ ಒಂದು ದಿನವನ್ನು ಕೇಳಿದೆ. ಹೇಸಿಗೆಯಾಯಿತು.

ಚಟ ಬಿಡಿಸುವ ತಂಡವೊಂದು ವಾರ್ಡಿಗೇ ಬರಬೇಕೇ ಎಂದು ನಿಮ್ಮ ಅಭಿಪ್ರಾಯ ಕೇಳಲು ಆ ದಿನ ಯಾರೋ ಬಂದಿದ್ದರು. ಎಂಥ ಸೊಗಸಾದ ಉತ್ತರಗಳು! ಡಾಕ್ಟರ್ ವಿನಯಚಂದ್ರರು ಅತ್ಯಗತ್ಯ ಎಂದರು, ಆದರೆ ಅದು ಮೂಳೆಯವರ ಕೆಲಸವಲ್ಲವಂತೆ. ಸಿಸ್ಟರ್ ಸುನಂದಾ ಮಾನವೀಯತೆಯ ಬಗ್ಗೆ ಬಾಯ್ತುಂಬ ಮಾತಾಡಿದರು. ಅಟೆಂಡರ್ ಜಂಬಣ್ಣ ಬಾಯಲ್ಲಿದ್ದ ಗುಟ್ಕಾ ಉಗಿದು ಬಂದು, “ಈ ಮಂದಿ ಚಟ ಬಿಡಂಗಿಲ್ರೀ” ಎಂದ. ಎಲ್ಲರೂ ತಲೆಯಾಡಿಸಿದಿರೇನೋ, ಅದು ಗೋಡೆಗೆ ಕೇಳಿಸುವುದಿಲ್ಲ.

ಅದೇ ಹೊತ್ತಿಗೆ ಕಿಟಕಿ ಪಕ್ಕದ ಮಂಚದಲ್ಲಿ ಓಬಳೇಶ ನಡುಗುತ್ತಿದ್ದ. ಬಣ್ಣ ಹಚ್ಚುವವನು, ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವನು. ದಿನಾ ಕುಡಿಯುತ್ತಿದ್ದವನಿಗೆ ಆಸ್ಪತ್ರೆ ಸೇರಿದ ಮೇಲೆ ಒಂದು ಹನಿಯೂ ಇಲ್ಲ. ಗೋಡೆ ತುಂಬ ಇರುವೆ ಎಂದು ಕೂಗಿಕೊಂಡ. ಹೆಂಡತಿ ಗಾಳೆಮ್ಮ ನಿಮ್ಮ ಹತ್ತಿರ ಓಡಿಬಂದಳು. ಜಾಣರೇ, ನೀವೇನು ಮಾಡಿದಿರಿ? ಆಕೆಯೇ ಕದ್ದು ಕುಡಿಸಿದ್ದಾಳೆಂದು ಬುತ್ತಿಚೀಲ ಜಾಲಾಡಿದಿರಿ. ಕುಡಿಯದೆ ನಡುಗುವವನ ಬಳಿ ಬಾಟಲಿ ಹುಡುಕಿದ ನಿಮ್ಮ ಓದಿಗೆ ಬೆಂಕಿ ಬೀಳಲಿ! ಸಿಕ್ಕಿದ್ದು ರೊಟ್ಟಿ, ಪುಂಡಿಪಲ್ಯ.

“ನಮ್ಮ ಮನಿಯವ್ರು ಅಂಜ್ಯಾರ್ರೀ ಸಿಸ್ಟರ್, ನಾ ಬಾಜೂಕ ಕುಂದ್ರತೀನ್ರೀ” ಎಂದು ಗಾಳೆಮ್ಮ ಬೇಡಿಕೊಂಡಳು. “ಕುಡಿಯೋಮುಂದ ನಮ್ಮನ್ನ ಕೇಳಿದ್ನೇನು?” ಎಂದು ಮಾನವೀಯತೆಯ ಸಿಸ್ಟರ್ ಗದರಿದರು. ಆಕೆಯನ್ನು ಬಾಗಿಲಾಚೆ ಹಾಕಿ, ಅವನ ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿ, ಅಭಿಪ್ರಾಯ ಹೇಳಿ ಮುಗಿಸಲು ವಾಪಸು ಹೋದಿರಿ. ನಡುಕ ಇಳಿಸುವ ಮದ್ದು ನಿಮ್ಮ ಕಪಾಟಿನಲ್ಲೇ ಇತ್ತು. ಸಂಜೆಗೆ ಫಿಟ್ಸ್ ಬಂತು. ಆಮೇಲೆ ಗಾಳೆಮ್ಮನ ಅಳುವೊಂದೇ. ಪೂರ್ತಿ ಕೇಳಲಾರದೆ ಯಂತ್ರ ಕೆಳಗಿಟ್ಟೆ.

ಕಾಗದವನ್ನು ಹಿಂದಿನ ಕಾಲಕ್ಕೆ ಒಯ್ಯುವ ಅಂಚೆ ನಮ್ಮಲ್ಲಿದೆ. ಇದು ಅದೇ ದಿನ, ನೀವು ಅವನ ಕೈ ಕಟ್ಟಿ ಹಿಂತಿರುಗಿದ ಕೂಡಲೇ, ನಿಮಗೆ ಸಿಗುತ್ತದೆ. ಓಬಳೇಶ ಇನ್ನೂ ಉಸಿರಾಡುತ್ತಿದ್ದಾನೆ. ನಿಮ್ಮ ಅಭಿಪ್ರಾಯ ನನಗೆ ಬೇಡ. ಎದ್ದು ಹೋಗಿ ಕಪಾಟು ತೆರೆಯಿರಿ. ಕೈ ಬಿಚ್ಚಿ. ಬಾಗಿಲಾಚೆ ನಿಂತವಳನ್ನು ಒಳಗೆ ಕರೆಯಿರಿ.

ನೇಸರಿ, ನಡುಕಪಾಲಕಿ