ಆ ನೀಲಿ ಚಿಟ್ಟೆಗೆ ಯಾರ ಹೆಸರು?

ವಸ್ತುಸಂಗ್ರಹಾಲಯದ ನಿರ್ದೇಶಕರೂ ಜೀವಿಗಳ ಹೆಸರಿನ ಸಮಿತಿಯ ಸದಸ್ಯರೂ ಆದ ಮಾನ್ಯರೇ,

ನಿಮ್ಮ ಚಿಟ್ಟೆ ವಿಭಾಗದಲ್ಲಿ ಮಕ್ಕಳಿಗೆ ವಿವರಣೆ ಕೊಡುವ ನನ್ನ ತಂಗಿಯ ಮಗಳನ್ನು ನೀವು ಅಮಾನತು ಮಾಡಿದ್ದೀರಿ. ನೀಲಿ ಚಿಟ್ಟೆಯೊಂದರ ಚೀಟಿಯಲ್ಲಿ, ವೈಜ್ಞಾನಿಕ ಹೆಸರಿನ ಎರಡನೆಯ ಪದದ ಮೇಲೆ ಬಿಳಿ ಕಾಗದ ಅಂಟಿಸಿದ್ದು ಅವಳ ಅಪರಾಧ. ಚಿಟ್ಟೆಗೆ ಏನೂ ಆಗಿಲ್ಲ. ಅದು ಸತ್ತು ನೂರು ವರ್ಷದ ಮೇಲಾಯಿತು.

ಆ ಪದ ಒಬ್ಬ ಬ್ರಿಟಿಷ್ ದೊರೆಯ ಹೆಸರು. ಚಿಟ್ಟೆ ಹಿಡಿದವನು ಮಾತ್ರ ನನ್ನ ಅಜ್ಜಿಯ ಅಣ್ಣ. ಮರ ಹತ್ತಿ ಬಲೆ ಬೀಸುವುದು ಅವನ ಕೂಲಿ, ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕಾಯುವುದು ದೊರೆಯ ವಿಜ್ಞಾನ. ರೆಕ್ಕೆ ಹರಿದಿದ್ದರೆ ಚಾವಟಿ ಏಟು. ಅಂಥದೊಂದು ಏಟಿಗೆ ಅವನ ಬಲಗಣ್ಣು ಹೋಯಿತು. "ಒಂದೇ ಕಣ್ಣಲ್ಲಿ ಆಮೇಲೂ ಹಿಡೀತಿದ್ದ ಕಣೋ. ಹೊಟ್ಟೆ ಕೇಳ್ಬೇಕಲ್ಲ," ಎನ್ನುತ್ತಿದ್ದಳು ಅಜ್ಜಿ.

ಹೆಸರು ಬದಲಿಸಿ ಎಂದು ಹುಡುಗಿ ಮೊದಲು ಮನವಿಯನ್ನೇ ಕೊಟ್ಟಿದ್ದಳು. ಹೆಸರುಗಳ ಸ್ಥಿರತೆ ಕೆಡುತ್ತದೆ, ವಿಜ್ಞಾನಿಗಳಿಗೆ ಗೊಂದಲವಾಗುತ್ತದೆ ಎಂದು ನಿಮ್ಮ ಸಮಿತಿ ಉತ್ತರಿಸಿತು. ಸ್ವಾಮೀ, ನಾನು ಶಾಲೆಯಲ್ಲಿದ್ದಾಗ ಆ ಚೀಟಿಯ ಮೊದಲ ಪದ, ಅಂದರೆ ಚಿಟ್ಟೆಯ ಕುಲದ ಹೆಸರು, ಒಂದಿತ್ತು; ಕಾಲೇಜಿಗೆ ಬರುವಷ್ಟರಲ್ಲಿ ಇನ್ನೊಂದಾಯಿತು; ಈಗ ಮತ್ತೊಂದು. ಕಾಲಿನ ಕೂದಲು ನೋಡಿ ಕುಲವನ್ನೇ ಬದಲಿಸಿದಾಗ ಕೆಡದ ಸ್ಥಿರತೆ, ಒಬ್ಬ ಮನುಷ್ಯನ ಕಣ್ಣಿನ ಮಾತೆತ್ತಿದ ಕೂಡಲೇ ಕೆಟ್ಟುಹೋಗುತ್ತದೆಯೇ?

ಆದರೂ ನನ್ನ ಮನಸ್ಸು ಕದಡಿದೆ. ತಂಗಿ ತನ್ನ ಮಗಳ ಪರ ನಿಲ್ಲುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಮೇಲೇ ಸಿಡುಕಿದಳು: "ಹೆಸರು ಅಳಿಸಿಬಿಟ್ರೆ ಆ ಪಾಪಿ ಆರಾಮಾಗಿ ತಪ್ಪಿಸ್ಕೊಂಡ ಹಾಗಲ್ವೇನಣ್ಣಾ? ಆಮೇಲೆ ಯಾರಿಗೆ ನೆನಪಿರತ್ತೆ?"

"ದಿನಾ ಅವನ ಹೆಸರು ಹೇಳೋಳು ನಾನಮ್ಮಾ, ನೀನಲ್ಲ," ಎಂದಳು ಮಗಳು. "ನಾನು ಹೇಳಿದ್ದನ್ನ ಮಕ್ಕಳು ಮಗ್ಗಿ ಥರ ಕೂಗಿ ಹೇಳ್ತಾರೆ. ಮೊನ್ನೆ ಒಬ್ಬಳು ಕೇಳ್ತಾಳೆ, 'ಮಿಸ್, ಅವ್ರು ತುಂಬಾ ಒಳ್ಳೆಯವ್ರಾಗಿದ್ರಾ?' ಅಂತ. ಏನು ಹೇಳ್ಲಿ? ಚೀಟೀಲಿ ಇಲ್ದೇ ಇರೋದನ್ನ ಹೇಳ್ಬಾರ್ದು ಅಂತ ಆಜ್ಞೆ!"



ಹೆಸರು ಬದಲಿಸುವುದು ಸರಿಯೋ, ಉಳಿಸಿಕೊಂಡು ನಿಜ ಹೇಳುವುದು ಸರಿಯೋ, ನನಗಿನ್ನೂ ತೀರ್ಮಾನವಾಗಿಲ್ಲ. ಉಳಿಸಿಕೊಂಡು ಬಾಯಿ ಮುಚ್ಚಿಸುವುದು ಅನ್ಯಾಯ ಎಂಬುದರಲ್ಲಿ ಅನುಮಾನವಿಲ್ಲ. ಅವಳನ್ನು ಕೆಲಸಕ್ಕೆ ಮರಳಿ ಕರೆಯಿರಿ. ಸಮಿತಿ ಮನಸ್ಸು ಮಾಡುವವರೆಗೆ, ಮಕ್ಕಳು ಬಂದಾಗ ಆ ಗಾಜಿನ ಪೆಟ್ಟಿಗೆಯ ಮುಂದೆ ನೀವೇ ನಿಂತು ಆ ಹೆಸರು ಹೇಳಿಕೊಡಿ. ಆಮೇಲೆ ಅವರು ಕೇಳುವುದಕ್ಕೆಲ್ಲ ಉತ್ತರಿಸಿ. ನಾನೂ ಟಿಕೆಟ್ ತೆಗೆದುಕೊಂಡು ಹಿಂದಿನ ಸಾಲಿನಲ್ಲಿ ನಿಂತಿರುತ್ತೇನೆ.

ಇಂತಿ,
ಒಂದು ಕೀಟಕ್ಕೂ ಹೆಸರಾಗದ ಮನೆತನದವನು